ಗುಜರಿ ಸೀಸದಿಂದ ಗಾಳದ ಗುಂಡು

ಅಳಿವೆ ಬಾಗಿಲಿನ ಬಂಡೆಗಳ ಮೇಲೆ ನಿಂತು ಗಾಳ ಹಾಕುವವರಿಗೆ ಮೀನು ಸಿಗುವುದು ಖಾತ್ರಿಯಿಲ್ಲ, ಸೀಸದ ಗುಂಡು ಕಳೆದುಹೋಗುವುದು ಮಾತ್ರ ಖಾತ್ರಿ. ಬಂಡೆಯ ಸಂದಿಗೆ ಸಿಕ್ಕಿದರೆ ದಾರ ಕತ್ತರಿಸುವುದೊಂದೇ ದಾರಿ. ಬೀಸುಬಲೆಯ ಅಂಚಿನ ಗುಂಡುಗಳೂ ಒಂದೊಂದಾಗಿ ಉದುರುತ್ತವೆ. ಪ್ರತಿ ಸಲ ಅಂಗಡಿಗೆ ಓಡುವ ಬದಲು ಗುಜರಿ ಸೀಸ ತಂದು ಕರಗಿಸಿ ತಾವೇ ಗುಂಡು ಮಾಡಿಕೊಳ್ಳುವವರು ಕರಾವಳಿಯಲ್ಲಿ ಮೊದಲಿನಿಂದಲೂ ಇದ್ದಾರೆ. ಎರಕ ಹೊಯ್ಯುವ ಕೈಚಳಕ ಅರ್ಧ ದಿನದಲ್ಲಿ ಬಂದುಬಿಡುತ್ತದೆ. ಯಾವ ಸೀಸ ತರಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಕಲಿಯುವುದಕ್ಕೆ ಹೆಚ್ಚು ಕಾಲ ಬೇಕು. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಎಲ್ಲಿ ಹುಡುಕಬೇಕು

ಮೊದಲ ಜಾಗ ಟೈರ್ ಅಂಗಡಿ. ಚಕ್ರದ ಸಮತೋಲಕ್ಕೆಂದು ರಿಮ್‌ಗೆ ಹಾಕುವ ತುಂಡುಗಳನ್ನು ಟೈರ್ ಬದಲಿಸುವಾಗ ಕಿತ್ತು ಒಂದು ಡಬ್ಬಕ್ಕೆ ಎಸೆಯುತ್ತಾರೆ. ಇವುಗಳಲ್ಲಿ ಎರಡು ಬಗೆ. ಕಬ್ಬಿಣದ ಕೊಂಡಿಯಿಂದ ರಿಮ್‌ನ ಅಂಚಿಗೆ ಬಡಿದು ಕೂರಿಸುವ ತುಂಡಿನಲ್ಲಿ ಸೀಸದ ಜೊತೆ ಅದನ್ನು ಗಟ್ಟಿ ಮಾಡುವ ಆಂಟಿಮನಿ ಎಂಬ ಧಾತು ಸ್ವಲ್ಪ ಸೇರಿರುತ್ತದೆ, ಅದರಿಂದ ಕೊಂಚ ಗಟ್ಟಿ. ಅಂಟಿಸುವ ಪಟ್ಟಿಯಾಗಿದ್ದರೆ ಬಹುಮಟ್ಟಿಗೆ ಮೆದು ಸೀಸ. ಗಾಳಕ್ಕೆ ಎರಡೂ ಆಗುತ್ತವೆ. ದಾರಕ್ಕೆ ಹಿಸುಕಿ ಕೂರಿಸುವ ಸಣ್ಣ ಗುಂಡಿಗೆ ಮಾತ್ರ ಮೆದುವೇ ಬೇಕು. ಆಂಟಿಮನಿ ಹೆಚ್ಚಾದರೆ ಹಿಸುಕುವಾಗ ಬಿರುಕು ಬಿಡುತ್ತದೆ.

ಆದರೆ ಆ ಡಬ್ಬದಲ್ಲಿರುವುದೆಲ್ಲ ಸೀಸವಲ್ಲ. ಯುರೋಪಿನಲ್ಲಿ ಹೊಸ ಕಾರುಗಳ ಚಕ್ರಕ್ಕೆ ಸೀಸದ ತುಂಡು ಹಾಕುವುದನ್ನು 2005ರಲ್ಲೇ ನಿಲ್ಲಿಸಿದರು. ನಮ್ಮಲ್ಲೂ ಉಕ್ಕಿನ ತುಂಡು, ಸತುವಿನ ತುಂಡುಗಳು ಸೀಸದ ಜೊತೆ ಬೆರೆತೇ ಬರುತ್ತವೆ. ಉಕ್ಕನ್ನು ಅಯಸ್ಕಾಂತ ಹಿಡಿದುಕೊಡುತ್ತದೆ. ಸತುವನ್ನು ಕಂಡುಹಿಡಿಯುವುದಕ್ಕೆ ಕಟಿಂಗ್ ಪ್ಲೇಯರ್ ಬೇಕು. ತುಂಡಿನ ಅಂಚನ್ನು ಕಚ್ಚಿಸಿ ಒತ್ತಿ. ಸೀಸವಾದರೆ ಹಲ್ಲು ಸಲೀಸಾಗಿ ಒಳಗಿಳಿದು ಹೊಳೆಯುವ ಗಾಯ ಉಳಿಯುತ್ತದೆ. ಸತುವಾದರೆ ಪ್ಲೇಯರ್ ಜಾರುತ್ತದೆ. ಸಿಮೆಂಟ್ ನೆಲಕ್ಕೆ ಹಾಕಿದರೂ ಗೊತ್ತಾಗುತ್ತದೆ. ಸತು ಠಣ್ ಎನ್ನುತ್ತದೆ, ಸೀಸ ದಡ್ ಎಂದು ಸುಮ್ಮನಾಗುತ್ತದೆ. ಅನುಮಾನ ಬಂದ ತುಂಡನ್ನು ಪಕ್ಕಕ್ಕಿಡಿ. ಒಂದೆರಡು ಸತುವಿನ ತುಂಡು ಕರಗಿ ಸೇರಿಕೊಂಡರೆ ಇಡೀ ಬಾಣಲೆಯ ಸೀಸ ಗಂಜಿಯಂತಾಗಿ ಅಚ್ಚಿನೊಳಗೆ ಹರಿಯುವುದೇ ಇಲ್ಲ.

ಎರಡನೆಯದು ಹಳೆಯ ಕಟ್ಟಡ ಒಡೆಯುವ ಜಾಗ. ಬೀಡು ಕಬ್ಬಿಣದ ಒಳಚರಂಡಿ ಕೊಳವೆಗಳ ಕೀಲಿಗೆ ಸೆಣಬು ತುರುಕಿ ಮೇಲೆ ಸೀಸ ಹೊಯ್ದು ಬಡಿಯುತ್ತಿದ್ದ ಕಾಲವೊಂದಿತ್ತು. ಅಂಥ ಕೀಲಿನ ಸೀಸ ಸಾಕಷ್ಟು ಶುದ್ಧ, ಆದರೆ ಮಣ್ಣು ಮತ್ತು ತೇವ ಎರಡೂ ಅಂಟಿಕೊಂಡಿರುತ್ತವೆ. ಹಳೆಯ ಎಕ್ಸ್‌ರೇ ಕೊಠಡಿಯ ಗೋಡೆಯಿಂದ ಬಂದ ತಗಡು ಇನ್ನೂ ಒಳ್ಳೆಯದು. ಹಳೆಯ ಭೂಗತ ದೂರವಾಣಿ ಕೇಬಲ್‌ಗಳ ಮೇಲ್ಪದರವೂ ಸೀಸದ್ದೇ, ಆದರೆ ಕಳ್ಳತನದ ಮಾಲು ಗುಜರಿಗೆ ಬರುವುದು ಹೆಚ್ಚಾಗಿ ಈ ರೂಪದಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕದ್ದವನ ಜೊತೆ ಕೊಂಡವನೂ ಠಾಣೆಗೆ ಅಲೆಯಬೇಕಾದೀತು. ಬಿಲ್ ಕೊಡದ ಕಡೆ ಕೇಬಲ್ ಸೀಸ ಬೇಡ.

ಮುಚ್ಚಿದ ಮುದ್ರಣಾಲಯಗಳ ಅಚ್ಚುಮೊಳೆಗಳೂ ಗುಜರಿಯಲ್ಲಿ ಕಾಣುತ್ತವೆ. ಸೀಸ, ಆಂಟಿಮನಿ, ತವರ ಸೇರಿದ ಗಟ್ಟಿ ಲೋಹವದು, ಸಣ್ಣ ಗೀರನ್ನೂ ಬಿಡದೆ ಅಚ್ಚಿನ ತುಂಬ ಹರಿಯುತ್ತದೆ. ಆದರೂ ಒತ್ತಕ್ಷರಗಳ ಸಮೇತ ಉಳಿದಿರುವ ಕನ್ನಡ ಮೊಳೆಗಳನ್ನು ಮೀನು ಹಿಡಿಯಲು ಕರಗಿಸಬೇಡಿ. ಉಳಿಸಿಕೊಳ್ಳುವವರು ಯಾರಾದರೂ ಸಿಗುತ್ತಾರೆ, ಗಾಳಕ್ಕೆ ಟೈರ್ ಅಂಗಡಿಯದೇ ಸಾಕು.

ಇನ್ನೊಂದು ಗಣಿ ಪುಕ್ಕಟೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿದಾಗ ಗಾಳ ಹಾಕುವ ಬಂಡೆಗಳ ಬುಡದಲ್ಲಿ ನೋಡಿ. ಎಲ್ಲರೂ ಕಳೆದುಕೊಂಡ ಗುಂಡುಗಳು ಅಲ್ಲೇ ಇರುತ್ತವೆ. ಕೈ ಹಾಕುವ ಮುನ್ನ ತುಕ್ಕು ಹಿಡಿದ ಕೊಕ್ಕೆ ಇದೆಯೇ ಎಂದು ಗಮನಿಸಿ.

ಅಮೆರಿಕದಲ್ಲಿ ಇದೇ ಟೈರ್ ಸೀಸದಿಂದ ಬಂದೂಕಿನ ಗುಂಡು ಎರಕ ಹೊಯ್ಯುವ ಹವ್ಯಾಸಿಗಳಿದ್ದಾರೆ, ಅವರ ವಿಡಿಯೊಗಳೂ ಧಾರಾಳವಾಗಿ ಸಿಗುತ್ತವೆ. ಸೀಸ ಶುದ್ಧ ಮಾಡುವ ವಿಧಾನವನ್ನು ಅವರಿಂದ ಕಲಿಯಬಹುದು. ಅದಕ್ಕಿಂತ ಮುಂದೆ ಹೋಗಬೇಡಿ: ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಮುಟ್ಟಬಾರದ ಸೀಸ

ಗುಜರಿಯವರು ಮೊದಲು ತೋರಿಸುವುದೇ ಹಳೆಯ ಬ್ಯಾಟರಿ. ಬೇಡವೇ ಬೇಡ. ಅದರೊಳಗೆ ಗಂಧಕಾಮ್ಲವಿದೆ. ಅದಕ್ಕಿಂತ ಕೆಟ್ಟದ್ದು ಫಲಕಗಳಿಗೆ ಮೆತ್ತಿದ ಸೀಸದ ಸಂಯುಕ್ತಗಳ ಲೇಪ. ಒಣಗಿದರೆ ನಯವಾದ ಹುಡಿಯಾಗಿ ಗಾಳಿಯಲ್ಲಿ ಹಾರುತ್ತದೆ, ಮಣ್ಣಿನಲ್ಲಿ ಕೂತರೆ ಹೋಗುವುದಿಲ್ಲ. ಸೆನೆಗಲ್ ದೇಶದ ರಾಜಧಾನಿ ಡಕಾರ್‌ನ ಅಂಚಿನಲ್ಲಿರುವ ತಿಯರೋಯ್ ಸುರ್ ಮೇರ್ ಎಂಬ ಕಡಲತಡಿಯ ಬಡಾವಣೆಯಲ್ಲಿ ಜನ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರು. ಬಲೆಯ ಗುಂಡು ಮಾಡುವುದಕ್ಕೂ ಅದೇ ಸೀಸ ಬಳಕೆಯಾಗುತ್ತಿತ್ತು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ನಮ್ಮಲ್ಲಿ ಹಳೆಯ ಬ್ಯಾಟರಿ ಅಧಿಕೃತ ಮರುಬಳಕೆದಾರರಿಗೇ ಹೋಗಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಮಾರಿದ ಅಂಗಡಿಗೇ ಕೊಟ್ಟುಬಿಡಿ, ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ.

ದಪ್ಪ ಗೋಡೆಯ ಸೀಸದ ಮಡಕೆ, ಡಬ್ಬಿ, ಉರುಳೆಗಳನ್ನೂ ದೂರವಿಡಿ, ಅದರಲ್ಲೂ ಮೂರು ಎಸಳಿನ ವಿಕಿರಣ ಚಿಹ್ನೆ ಕಂಡರೆ. ವಿಕಿರಣ ವಸ್ತುವನ್ನು ಇಡುವುದು ಸೀಸದ ಕವಚದಲ್ಲೇ. ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಯಂತ್ರವೊಂದನ್ನು ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ಬಿಚ್ಚಿದಾಗ ಒಳಗಿದ್ದ ಕೋಬಾಲ್ಟ್-60 ಹೊರಬಿತ್ತು. 2010ರ ಏಪ್ರಿಲ್‌ನಲ್ಲಿ ಪ್ರಕರಣ ಬೆಳಕಿಗೆ ಬಂತು, ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡ. ಅಂಥದ್ದು ಕಂಡರೆ ಪೊಲೀಸರಿಗೆ ತಿಳಿಸಿ ದೂರ ಸರಿಯುವುದೇ ಸರಿ.

ಕರಗಿಸುವ ಮುನ್ನ

ಅಡುಗೆಮನೆಯಲ್ಲಿ ಬೇಡ, ಜಗಲಿಯಲ್ಲೂ ಬೇಡ. ಅಂಗಳದ ಆಚೆ, ಗಾಳಿಯಾಡುವ ತೆರೆದ ಜಾಗದಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು. ಬಲೆ ರಿಪೇರಿಗೆ ಬಿಡುವಿರುವುದು ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ, ನಿಜ. ಆದರೆ ಅದು ಮಳೆಗಾಲ. ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಮಳೆಯ ಮಾತು ಯಾಕೆಂದರೆ, ಕರಗಿದ ಸೀಸದ ಒಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಕ್ಷಣದಲ್ಲಿ ಸಾವಿರದೈನೂರಕ್ಕೂ ಹೆಚ್ಚು ಪಟ್ಟು ಹಿಗ್ಗಿ ಹಬೆಯಾಗುತ್ತದೆ, ಬಾಣಲೆಯಲ್ಲಿದ್ದದ್ದೆಲ್ಲ ಮುಖಕ್ಕೆ ಸಿಡಿಯುತ್ತದೆ. ಹಾಗಾಗಿ ತಂದ ಸೀಸವನ್ನು ಒಂದೆರಡು ದಿನ ಬಿಸಿಲಿಗೆ ಹರಡಿ. ತಣ್ಣಗಿನ ಬಾಣಲೆಗೇ ಸೀಸ ತುಂಬಿ, ಆಮೇಲೆ ಒಲೆ ಹಚ್ಚಿ. ಉಳಿದ ತೇವ ಕರಗುವ ಮೊದಲೇ ಹೋಗುತ್ತದೆ. ಕರಗಿದ್ದಕ್ಕೆ ಮತ್ತೆ ಸುರಿಯಬೇಡಿ, ಇನ್ನೂ ಇದ್ದರೆ ಅದು ಮುಂದಿನ ಬಾರಿಗೆ. ಮುಚ್ಚಿದ ಕೊಳವೆಯ ತುಂಡುಗಳನ್ನು ಕತ್ತರಿಸಿ ಬಿಡಿಸಿ, ಒಳಗೆ ನೀರು ಕೂತಿರುತ್ತದೆ.

ಬಾಣಲೆ ಬೀಡಿನದೋ ದಪ್ಪ ಉಕ್ಕಿನದೋ ಇರಲಿ. ಅಲ್ಯೂಮಿನಿಯಂ ಪಾತ್ರೆ ಕಾದಾಗ ಬಲ ಕಳೆದುಕೊಂಡು ಸೀಸದ ಭಾರಕ್ಕೆ ಕುಸಿಯಬಹುದು. ಉಕ್ಕಿನ ಸೌಟು, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಮುಚ್ಚಿದ ಬೂಟು, ದಪ್ಪ ಹತ್ತಿಯ ಪ್ಯಾಂಟು ಬೇಕು. ಪ್ಯಾಂಟಿನ ಕಾಲು ಬೂಟಿನ ಮೇಲೆ ಬೀಳಲಿ. ಒಳಗೆ ಸಿಕ್ಕಿಸಿದರೆ ಸಿಡಿದ ಸೀಸ ನೇರ ಬೂಟಿಗೆ ಇಳಿಯುತ್ತದೆ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸಕ್ಕೆ ಕೂರುವವರನ್ನು ಕಂಡರೆ ನನಗೆ ಕೋಪವೇ ಬರುತ್ತದೆ.

ಕರಗಿಸಿ ಕಿಟ್ಟ ತೆಗೆಯುವುದು

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು ಕರಗುವುದು 419ಕ್ಕೆ. ಈ ಅಂತರ ನಿಮ್ಮ ಎರಡನೇ ಜರಡಿ. ಉರಿ ಸಣ್ಣಗಿಟ್ಟು 370ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಕಣ್ತಪ್ಪಿ ಬಂದ ಸತು ಕರಗದೆ ತೇಲುತ್ತದೆ, ಸೌಟಿನಿಂದ ಎತ್ತಿ ಬಿಸಾಡಬಹುದು. ಕೊಂಡಿಯ ಕಬ್ಬಿಣವೂ ತೇಲುತ್ತದೆ. ಉಷ್ಣಮಾಪಕ ಇದ್ದರೆ ಒಳ್ಳೆಯದು. ಇಲ್ಲವಾದರೆ ಮೇಲ್ಮೈ ನೋಡಿ: ಕಿಟ್ಟ ಸರಿಸಿದ ತಕ್ಷಣ ಬೆಳ್ಳಗೆ ಹೊಳೆದರೆ ಹದ ಸರಿಯಿದೆ, ಹಳದಿ, ನೇರಳೆ, ನೀಲಿ ಬಣ್ಣದ ಕೆನೆ ಓಡಾಡಿದರೆ ಉರಿ ಹೆಚ್ಚಾಗಿದೆ.

ಮೇಲೆ ಬೂದು ಬಣ್ಣದ ಕಿಟ್ಟ ಕಟ್ಟಿದಾಗ ಚೆನ್ನಾಗಿ ಒಣಗಿದ ಮರದ ಹುಡಿ ಒಂದು ಹಿಡಿ ಅಥವಾ ಕಡಲೆಕಾಳಿನಷ್ಟು ಮೇಣ ಹಾಕಿ. ದಟ್ಟ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು, ಹಿಂದೆ ಸರಿದು ನಿಲ್ಲಿ. ಹುಡಿ ಕರಿದಾದ ಮೇಲೆ ತಳ ಮುಟ್ಟುವಂತೆ ಕದಡಿ. ಕಿಟ್ಟದಲ್ಲಿ ಸಿಕ್ಕಿಕೊಂಡ ಲೋಹ ಮತ್ತೆ ಸೀಸಕ್ಕೆ ಸೇರಿ ಕಸ ಮಾತ್ರ ಮೇಲೆ ಉಳಿಯುತ್ತದೆ. ಅದನ್ನು ಕೆನೆಯಂತೆ ತೆಗೆದು ಕಬ್ಬಿಣದ ಡಬ್ಬಕ್ಕೆ ಹಾಕಿ.

ಶುದ್ಧವಾದ ಸೀಸವನ್ನು ಗುಜರಿಯಲ್ಲೇ ಸಿಗುವ ಹಳೆಯ ಅಲ್ಯೂಮಿನಿಯಂ ಇಡ್ಲಿ ತಟ್ಟೆಗೆ ಹೊಯ್ದು ಬಿಲ್ಲೆ ಮಾಡಿಟ್ಟುಕೊಳ್ಳಬಹುದು. ರಂಧ್ರವಿಲ್ಲದ ತಟ್ಟೆ ಆರಿಸಿ. ಒಂದು ಇಡ್ಲಿ ಗಾತ್ರದ ಬಿಲ್ಲೆ ಸುಮಾರು ಅರ್ಧ ಕಿಲೋ ತೂಗುತ್ತದೆ. ಆ ತಟ್ಟೆ, ಬಾಣಲೆ, ಸೌಟು ಮತ್ತೆ ಅಡುಗೆಗೆ ಹೋಗದಂತೆ ಕೆಂಪು ಬಣ್ಣ ಬಳಿದುಬಿಡಿ.

ಗುಂಡು ಹೊಯ್ಯುವುದು

ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚು ಎಲ್ಲಕ್ಕಿಂತ ಉತ್ತಮ. ಲೇತ್ ಕೆಲಸದವರು ಮಾಡಿಕೊಡುತ್ತಾರೆ. ಒಣ ಸಾಗುವಾನಿ ತುಂಡಿನಲ್ಲಿ ಕೊರೆದ ಅಚ್ಚೂ ಕೆಲವು ಸಲಕ್ಕೆ ಬರುತ್ತದೆ. ಹಸಿ ಮರಳಿನಲ್ಲಿ ಗುಳಿ ಮಾಡಿ ಹೊಯ್ಯುವ ರೂಢಿ ಹೊಸಬರಿಗೆ ತಕ್ಕದ್ದಲ್ಲ, ಕಾರಣ ಮೇಲೆ ಹೇಳಿದ ನೀರೇ. ಗಾತ್ರ ನಿರ್ಧರಿಸುವಾಗ ಒಂದು ಲೆಕ್ಕ ನೆನಪಿಡಿ: ಒಂದು ಸೆಂಟಿಮೀಟರ್ ವ್ಯಾಸದ ಗುಂಡು ಸುಮಾರು 6 ಗ್ರಾಂ ತೂಗಿದರೆ ಎರಡು ಸೆಂಟಿಮೀಟರಿನದು 47 ಗ್ರಾಂ ದಾಟುತ್ತದೆ.

ಲೋಹದ ಅಚ್ಚಿನ ಒಳಮೈಗೆ ಚಿಮಣಿ ದೀಪದ ಮಸಿ ಹಿಡಿಸಿ, ಗುಂಡು ಅಂಟದೆ ಬಿಟ್ಟುಕೊಳ್ಳುತ್ತದೆ. ದಾರ ಕಟ್ಟುವ ಕುಣಿಕೆಗೆ ಹಿತ್ತಾಳೆ ತಂತಿ ಇಡಿ. ನಡುವೆ ತೂತು ಬೇಕಾದರೆ ಮಸಿ ಹಿಡಿಸಿದ ಮೊಳೆ ಇಟ್ಟು ಆಮೇಲೆ ಎಳೆದು ತೆಗೆಯಿರಿ. ಅಚ್ಚನ್ನು ಬಾಣಲೆಯ ಅಂಚಿಗೆ ತಾಗಿಸಿ ಬಿಸಿ ಮಾಡಿಕೊಳ್ಳಿ. ಹಾಗೆ ಮಾಡಿದರೂ ಮೊದಲ ಕೆಲವು ಗುಂಡು ಮುದುಡಿದ ಚರ್ಮದಂತೆ ಸುಕ್ಕಾಗಿ ಬರುತ್ತವೆ. ಒಟ್ಟಿಟ್ಟುಕೊಂಡು ಮುಂದಿನ ಬಾರಿ ಕರಗಿಸಿ. ಹೊಯ್ಯುವಾಗ ಧಾರೆ ತುಂಡಾಗಬಾರದು, ಬಾಯಿಯ ಮೇಲೆ ಸಣ್ಣ ಗುಡ್ಡೆ ನಿಲ್ಲುವಷ್ಟು ಹೊಯ್ಯಿರಿ. ಸೀಸ ಗಟ್ಟಿಯಾಗುವಾಗ ಕುಗ್ಗಿ ಆ ಗುಡ್ಡೆಯಿಂದ ಹೀರಿಕೊಳ್ಳುತ್ತದೆ. ಗುಡ್ಡೆಯ ಹೊಳಪು ಮಾಸಿದ ಮೇಲೆ ಅಚ್ಚು ಬಿಡಿಸಿ ಗುಂಡನ್ನು ಒಣ ಹತ್ತಿ ಬಟ್ಟೆಯ ಮೇಲೆ ಬೀಳಿಸಿ, ನೀರಿಗಲ್ಲ. ಹೆಚ್ಚಿನ ಬಾಲವನ್ನು ಕಟ್ಟರ್‌ನಿಂದ ಕತ್ತರಿಸಿ. ಅರದಿಂದ ಉಜ್ಜಿದರೆ ಹುಡಿ ಏಳುತ್ತದೆ, ಆ ಸೊಗಸು ಮೀನಿಗೆ ಬೇಕಿಲ್ಲ.

ಕೆಲಸ ಮುಗಿದ ಮೇಲೆ

ಈ ಬಿಸಿಯಲ್ಲಿ ಸೀಸ ಆವಿಯಾಗುವುದು ತೀರಾ ಕಡಿಮೆ. ವಿಷ ಒಳಗೆ ಹೋಗುವುದು ಹೆಚ್ಚಾಗಿ ಹುಡಿಯಿಂದ, ಕೈಯಿಂದ ಬಾಯಿಗೆ. ಸಾಬೂನು ಹಚ್ಚಿ ಕೈ ಮುಖ ತೊಳೆಯುವವರೆಗೆ ಎಲೆ ಅಡಿಕೆ ಇಲ್ಲ, ಬೀಡಿ ಇಲ್ಲ, ಚಹಾ ಇಲ್ಲ. ಜಾಗವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಾಳ ಹಾಕುವವರ ಇನ್ನೊಂದು ದುರಭ್ಯಾಸವೂ ಬಿಡಬೇಕು: ದಾರದ ಮೇಲೆ ಸಣ್ಣ ಗುಂಡನ್ನು ಹಲ್ಲಿನಿಂದ ಕಚ್ಚಿ ಕೂರಿಸುವುದು. ಅದಕ್ಕೆ ಪ್ಲೇಯರ್ ಇದೆ.

ಕೆರೆಯಲ್ಲಿ ಗಾಳ ಹಾಕುವವರಿಗೆ ಸಣ್ಣ ಗುಂಡು ಮಾಡಲೇಬೇಡಿ ಎನ್ನುತ್ತೇನೆ. ನೀರುಹಕ್ಕಿಗಳು ಕಲ್ಲಿನ ಹರಳೆಂದು ನುಂಗಿ ಸಾಯುತ್ತವೆ. ಹಂಸಗಳು ಹೀಗೆ ಸತ್ತಿದ್ದಕ್ಕೇ ಬ್ರಿಟನ್ನಿನಲ್ಲಿ 1987ರಿಂದ 28 ಗ್ರಾಂವರೆಗಿನ ಬಹುತೇಕ ಸೀಸದ ಗುಂಡುಗಳ ಮಾರಾಟ ನಿಂತಿದೆ. ಕೆರೆಗೆ ಉಕ್ಕಿನ ನಟ್ಟು ಕಟ್ಟಿಕೊಂಡರೂ ನಡೆಯುತ್ತದೆ.

ಉಳಿದದ್ದು ಕಿಟ್ಟದ ಡಬ್ಬ. ತೋಟದ ಬುಡಕ್ಕೋ ಬಾವಿಯ ಹತ್ತಿರಕ್ಕೋ ಸುರಿಯಬೇಡಿ, ಅದರಲ್ಲಿ ಇನ್ನೂ ಸಾಕಷ್ಟು ಸೀಸವಿದೆ. ಬಿಗಿ ಮುಚ್ಚಳ ಹಾಕಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆಟುಕದಲ್ಲಿ ಇಡಿ. ತುಂಬಿದ ಮೇಲೆ ಸೀಸದ ಅಧಿಕೃತ ಮರುಬಳಕೆದಾರರಿಗೆ ತಲುಪಿಸಿ.