ಉಸಿರಿಗೂ ಬೇಕು ಕಸರತ್ತು: ಎಂಎಸ್ ಇರುವವರು ಮನೆಯಲ್ಲಿ ಮಾಡುವುದು ಹೇಗೆ?

ಅಕ್ಕ ಫೋನಿನಲ್ಲಿ ಒಂದು ಮಾತನ್ನು ಎರಡು ತುಂಡು ಮಾಡಿ ಹೇಳತೊಡಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. "ಭಾನುವಾರ ಬಾ ಮಾರಾಯ್ತಿ..." ಅಂದು ಒಂದು ಉಸಿರು ಎಳೆದುಕೊಂಡು, "...ಊಟಕ್ಕೆ" ಅನ್ನುತ್ತಿದ್ದಳು. ಸುಸ್ತು ಇರಬೇಕು ಅಂದುಕೊಂಡೆ. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಬಂದು ಹನ್ನೊಂದು ವರ್ಷ. ಸುಸ್ತು ಹೊಸದೇನಲ್ಲ. ಆಮೇಲೊಮ್ಮೆ ಮಾಮೂಲಿ ನೆಗಡಿ ಬಂತು. ಕಫ ಎದೆಯಲ್ಲೇ ಕೂತಿತು. ಕೆಮ್ಮಲು ಹೊರಟರೆ ಸದ್ದೇ ಏಳುತ್ತಿರಲಿಲ್ಲ, ಗಂಟಲಲ್ಲೇ ಕರಗಿ ಹೋಗುತ್ತಿತ್ತು. ಆಗ ಬಂದ ಫಿಸಿಯೋಥೆರಪಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ: "ಕಾಲಿಗೆ ದಿನಾ ವ್ಯಾಯಾಮ ಮಾಡಿಸ್ತೀರಿ. ಉಸಿರಿಗೆ?"

ನಾವು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ.

ಎಂಎಸ್‌ನಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳು ಮಾಡುತ್ತದೆ. ಮಿದುಳು ಕೊಟ್ಟ ಆಜ್ಞೆ ದಾರಿಯಲ್ಲೇ ಸೊರಗುತ್ತದೆ. ಉಸಿರು ಒಳಗೆಳೆಯುವ ಮುಖ್ಯ ಸ್ನಾಯು ವಪೆ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಹರಡಿಕೊಂಡಿರುತ್ತದೆ. ಅದಕ್ಕೆ ಹೋಗುವ ನರ ಕುತ್ತಿಗೆಯ ಮಟ್ಟದಲ್ಲೇ ಬೆನ್ನುಹುರಿಯಿಂದ ಹೊರಡುತ್ತದೆ. ಆದರೆ ಜೋರಾಗಿ ಊದಲು, ಕೆಮ್ಮಲು ಬೇಕಾದ್ದು ಹೊಟ್ಟೆಯ ಸ್ನಾಯು. ಅದಕ್ಕೆ ಆಜ್ಞೆ ಬೆನ್ನುಹುರಿಯಲ್ಲಿ ಇನ್ನೂ ಕೆಳಗೆ ಇಳಿದು ಬರಬೇಕು. ಹಾಗಾಗಿ ಎಷ್ಟೋ ಜನರಲ್ಲಿ ಮೊದಲು ಸೋಲುವುದು ಉಸಿರು ಬಿಡುವ ಬಲ. ಮೆಟ್ಟಿಲು ಹತ್ತದವರಿಗೆ, ಗಾಲಿಕುರ್ಚಿಯಲ್ಲಿ ಇರುವವರಿಗೆ ಏದುಸಿರು ಬರುವ ಸಂದರ್ಭವೇ ಕಡಿಮೆ ಅಲ್ವಾ? ಅದಕ್ಕೇ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ.

ವ್ಯಾಯಾಮ ನರದ ಹೊದಿಕೆಯನ್ನು ರಿಪೇರಿ ಮಾಡುವುದಿಲ್ಲ. ಕೆಲಸವಿಲ್ಲದೆ ಸೊರಗಿದ ಸ್ನಾಯುವಿಗೆ ಮತ್ತೆ ಕೆಲಸ ಕೊಡುತ್ತದೆ, ಅಷ್ಟೇ.

ಮೂರು ಗೋಲಿ ಸಾಲದು

ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಮೂರು ಗೋಲಿಯ ಸ್ಪೈರೋಮೀಟರ್ ನೆನಪಿದೆಯಾ? 600, 900, 1200 ಅಂತ ಬರೆದಿರುತ್ತದೆ. ನಾನೂ ಮೊದಲು ಅದನ್ನೇ ಅಕ್ಕನ ಕೈಗೆ ಕೊಟ್ಟೆ. ಗೋಲಿ ಏರಿದರೆ ಗಾಳಿ ರಭಸವಾಗಿ ಒಳಗೆ ಹೋಯಿತು ಅಂತ ಅರ್ಥ. ಶಸ್ತ್ರಚಿಕಿತ್ಸೆ ಆದವರ ಶ್ವಾಸಕೋಶ ಅರಳಲಿ ಅಂತ ಅದನ್ನು ಕೊಡುತ್ತಾರೆ. ಅದರಲ್ಲಿ ಸ್ನಾಯುವಿಗೆ ಹೇಳಿಕೊಳ್ಳುವಂಥ ಭಾರ ಬೀಳುವುದಿಲ್ಲ. ಪ್ರಾಣಾಯಾಮವೂ ಹಾಗೆಯೇ. ಮನಸ್ಸಿಗೆ ಹಿತ, ಉಸಿರಿಗೆ ಲಯ, ಬೇಡ ಅನ್ನುವುದಿಲ್ಲ. ಆದರೆ ಬರಿಗೈ ಬೀಸಿದರೆ ತೋಳು ಗಟ್ಟಿಯಾಗುತ್ತದೆಯೇ? ಗರಡಿಯಲ್ಲಿ ಕಲ್ಲುಗುಂಡು ಎತ್ತಿಸುವುದು ಸುಮ್ನೆ ಅಲ್ಲ. ಉಸಿರಿಗೂ ಒಂದು ಭಾರ ಬೇಕು.

ಆ ಭಾರ ಸ್ಪ್ರಿಂಗ್‌ನಿಂದ ಬರುತ್ತದೆ. ಇನ್‌ಸ್ಪಿರೇಟರಿ ಮಸಲ್ ಟ್ರೇನರ್, ಅಂದರೆ ಉಸಿರು ಎಳೆಯುವ ಸ್ನಾಯುವಿಗೆ ಕಸರತ್ತು ಮಾಡಿಸುವ ಸಾಧನ. ಅಂಗಡಿಯಲ್ಲಿ ಇದೇ ಹೆಸರು ಹೇಳಿ ಕೇಳಿ. ಅಂಗೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಕೊಳವೆ, ಒಳಗೆ ಸ್ಪ್ರಿಂಗ್ ಇರುವ ಒಂದು ಮುಚ್ಚಳ. ನಾವು ಸಾಕಷ್ಟು ಬಲವಾಗಿ ಎಳೆಯುವ ತನಕ ಅದು ತೆರೆಯುವುದೇ ಇಲ್ಲ, ಗಾಳಿ ಒಳಗೆ ಬರುವುದೂ ಇಲ್ಲ. ತೆರೆದಾಗ ಸಣ್ಣಗೆ ಬುಸ್ ಅನ್ನುತ್ತದೆ. ತಿರುಪನ್ನು ತಿರುಗಿಸಿದಂತೆ ಭಾರ ಜಾಸ್ತಿ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 9ರಿಂದ 41ರವರೆಗೆ ಗೆರೆ ಇರುತ್ತದೆ. ಅದು ಸೆಂಟಿಮೀಟರ್ ನೀರಿನ ಒತ್ತಡದ ಲೆಕ್ಕ.

ಮೊದಲು ಅಳತೆ

ಕೊಂಡುಕೊಳ್ಳುವ ಮೊದಲು ನಿಮ್ಮ ನರರೋಗ ತಜ್ಞರನ್ನು ಕೇಳಿ. ಶ್ವಾಸಕೋಶದ ಪರೀಕ್ಷೆಗೆ ಬರೆದುಕೊಟ್ಟರೆ ಎಂಐಪಿ ಮತ್ತು ಎಂಇಪಿ ಎರಡನ್ನೂ ಅಳೆಯಲು ಹೇಳಿ. ಮೊದಲನೆಯದು ಎಳೆಯುವ ಬಲ, ಎರಡನೆಯದು ಊದುವ ಬಲ. ಶ್ವಾಸಕೋಶದಿಂದ ಎಷ್ಟು ಗಾಳಿ, ಎಷ್ಟು ವೇಗದಲ್ಲಿ ಹೊರಬರುತ್ತದೆ ಅಂತ ನೋಡುವ ಮಾಮೂಲಿ ಸ್ಪೈರೋಮೆಟ್ರಿ ವರದಿ ಸರಿ ಇದ್ದರೂ ಇವು ಕಡಿಮೆ ಇರಬಹುದು. ಅಕ್ಕನ ಎಂಐಪಿ ಅದೇ ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ 40 ಬಂತು. ಅದರ ಶೇ 30 ಅಂದರೆ 12. ಅಲ್ಲಿಂದಲೇ ಅವಳ ಕಸರತ್ತು ಶುರುವಾಯಿತು.

ಮನೆಯಲ್ಲಿ ನೋಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ತುಂಬಾ ಉಸಿರು ಎಳೆದುಕೊಂಡು, ಮತ್ತೆ ಉಸಿರು ತೆಗೆದುಕೊಳ್ಳದೆ, ಮಾತಾಡುವ ದನಿಯಲ್ಲಿ ಒಂದು, ಎರಡು, ಮೂರು ಅಂತ ಎಣಿಸಿ. ಎಲ್ಲಿಗೆ ನಿಂತಿತೋ ಅದನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ವೇಗದಲ್ಲಿ. ಇದು ರೋಗ ಪತ್ತೆ ಮಾಡುವ ಪರೀಕ್ಷೆಯಲ್ಲ. ನಿಮ್ಮದನ್ನು ನಿಮ್ಮದರ ಜೊತೆಗೇ ಹೋಲಿಸಿಕೊಳ್ಳಲು ಮಾತ್ರ.

ಕಿವಿಯ ತಮಟೆ ತೂತಾಗಿದ್ದರೆ, ಶ್ವಾಸಕೋಶದ ಸುತ್ತ ಗಾಳಿ ಸೇರಿದ ಇತಿಹಾಸವಿದ್ದರೆ, ಹರ್ನಿಯಾ ಇದ್ದರೆ, ಹತೋಟಿಗೆ ಬಾರದ ಅಸ್ತಮಾ ಇದ್ದರೆ, ಇತ್ತೀಚೆಗೆ ಎದೆ, ಹೊಟ್ಟೆ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರು ಹೂಂ ಅನ್ನದೆ ಮುಟ್ಟಬೇಡಿ. ಎಂಎಸ್ ಮರುಕಳಿಸಿದ ದಿನಗಳಲ್ಲಿ ನಿಲ್ಲಿಸಿ, ಅವರನ್ನು ಕೇಳಿಯೇ ಮತ್ತೆ ಶುರು ಮಾಡಿ. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಏಳುವಾಗಲೇ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ಕಸರತ್ತಿಗೆ ಕಾಯದೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಎಳೆಯುವ ಕಸರತ್ತು

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ನೆಟ್ಟಗೆ ಕೂರಿ. ಕಾಲು ನೆಲಕ್ಕೆ ತಾಗಲಿ. ಊಟ ಆಗಿ ಒಂದೆರಡು ಗಂಟೆ ಕಳೆದಿರಲಿ. ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಹಿಡಿಯಿರಿ. ತುಟಿಗೆ ಬಲ ಸಾಲದಿದ್ದರೆ ಎರಡು ಬೆರಳಿನಿಂದ ಸುತ್ತ ಒತ್ತಿಕೊಳ್ಳಬಹುದು. ಅಕ್ಕ ಎಡಗಡೆ ಹಾಗೇ ಮಾಡುತ್ತಾಳೆ.

ಉಸಿರನ್ನು ಪೂರ್ತಿ ಬಿಡಿ. ಈಗ ಒಂದೇ ಸಲಕ್ಕೆ ಗಟ್ಟಿಯಾಗಿ ಒಳಗೆಳೆಯಿರಿ. ಭುಜ ಕಿವಿಯ ಕಡೆ ಏರಬಾರದು. ಹೊಟ್ಟೆ, ಪಕ್ಕೆಲುಬು ಹಿಗ್ಗಬೇಕು. ಆಮೇಲೆ ನಿಧಾನವಾಗಿ ಬಿಡಿ. ಅವಸರ ಮಾಡಿದರೆ ತಲೆ ತಿರುಗುತ್ತದೆ. ಹಾಗಾದರೆ ಕೊಳವೆ ತೆಗೆದು, ಮಾಮೂಲಿಯಾಗಿ ಉಸಿರಾಡಿ, ಸರಿಹೋದ ಮೇಲೆ ಮುಂದುವರಿಸಿ.

ಹೀಗೆ 15 ಸಲಕ್ಕೆ ಒಂದು ಸುತ್ತು. ಒಂದೆರಡು ನಿಮಿಷ ಬಿಡುವು. ದಿನಕ್ಕೆ ಮೂರು ಸುತ್ತು, 10 ವಾರ. ಮೊದಲ ವಾರ 15 ಆಗದಿದ್ದರೆ 8 ಸಾಕು. ಭಾರ ಎಷ್ಟಿರಬೇಕೆಂದರೆ, ಕೊನೆಯ ಮೂರ್ನಾಲ್ಕು ಉಸಿರು ತುಸು ಕಷ್ಟ ಅನ್ನಿಸಬೇಕು, ಮುಖ ಕಿವುಚುವಷ್ಟು ಅಲ್ಲ. ವಾರವಿಡೀ ಸಲೀಸಾಗಿ ಆದರೆ ತಿರುಪನ್ನು ಒಂದೆರಡು ಗೆರೆ ಏರಿಸಿ. ಮೂರೂ ಸುತ್ತನ್ನು ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ಒಂದು ಮಾಡಿದರೂ ಆದೀತು.

ಮೈ ಬಿಸಿಯಾದರೆ ಎಂಎಸ್ ತೊಂದರೆಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಕಲಬುರಗಿಯ ಏಪ್ರಿಲ್‌ನಲ್ಲಿ ಮಧ್ಯಾಹ್ನ ಕೂತು ಮಾಡುವ ಕೆಲಸ ಇದಲ್ಲ. ಬೆಳಗಿನ ತಂಪಿನಲ್ಲಿ, ಫ್ಯಾನ್ ಕೆಳಗೆ ಮಾಡಿ.

ಊದುವ ಕಸರತ್ತು, ಕೆಮ್ಮಿನ ಪಾಠ

ಇದನ್ನೇ ಜನ ಮರೆಯುವುದು. ಊದಲು ಬೇರೆಯೇ ಸಾಧನ ಬರುತ್ತದೆ, ಒಳಗಿನ ಮುಚ್ಚಳ ಊದಿದಾಗ ತೆರೆಯುತ್ತದೆ. 2000ರಲ್ಲಿ ಪ್ರಕಟವಾದ ಬೆಲ್ಜಿಯಂನ ಒಂದು ಅಧ್ಯಯನದಲ್ಲಿ, ತೀವ್ರ ಎಂಎಸ್ ಇದ್ದವರು ಊದುವ ಬಲದ ಶೇ 60ರಷ್ಟು ಭಾರ ಇಟ್ಟುಕೊಂಡು, 15ರ ಮೂರು ಸುತ್ತನ್ನು ದಿನಕ್ಕೆ ಎರಡು ಹೊತ್ತು, ಮೂರು ತಿಂಗಳು ಮಾಡಿದ್ದರು. ನಾವು ಅಲ್ಲಿಂದ ಶುರು ಮಾಡುವುದು ಬೇಡ. ಕೆಳಗಿನಿಂದ ಏರೋಣ.

ಅಜ್ಜಿ ಊದುಗೊಳವೆಯಲ್ಲಿ ಸೌದೆ ಒಲೆ ಊದುತ್ತಿದ್ದುದನ್ನು ನೋಡಿದವರಿಗೆ ಇದು ಬೇಗ ಬರುತ್ತದೆ. ಕೆನ್ನೆ ಉಬ್ಬಬಾರದು, ಹೊಟ್ಟೆ ಒಳಗೆ ಹೋಗಬೇಕು. ಅಂಗೈಯನ್ನು ಹೊಕ್ಕಳ ಮೇಲಿಟ್ಟುಕೊಂಡರೆ ತಿಳಿಯುತ್ತದೆ.

ಸಾಧನ ಇಲ್ಲದವರಿಗೆ ಬಾಟಲಿ ಇದೆ. ಎತ್ತರದ ಬಾಟಲಿಗೆ ನೀರು ತುಂಬಿ, ಬೆರಳು ದಪ್ಪದ ಪ್ಲಾಸ್ಟಿಕ್ ನಳಿಕೆಯನ್ನು ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿಸಿ ಗುಳುಗುಳು ಅನ್ನುವಂತೆ ಊದಿ. ಎಷ್ಟು ಆಳವೋ ಹೆಚ್ಚುಕಡಿಮೆ ಅಷ್ಟೇ ಒತ್ತಡ. ಬಾಟಲಿಯ ಬಾಯಿ ತೆರೆದೇ ಇರಲಿ. ಎಳೆಯುವಾಗ ನಳಿಕೆ ಬಾಯಲ್ಲಿ ಇರಲೇಬಾರದು. ನೀರು ದಿನಾ ಬದಲಿಸಿ. ಭಾರ ಹಗುರವೇ, ಆದರೆ ಕಫ ಸಡಿಲವಾಗುತ್ತದೆ. ನುಂಗಲು ಕಷ್ಟ ಇರುವವರಿಗೆ ಇದು ಬೇಡ.

ಕೆಮ್ಮು ಬಡವಾಗಿದ್ದರೆ ಉಸಿರಿನ ಮೇಲೆ ಉಸಿರು ಪೇರಿಸಿ. ಒಂದು ಉಸಿರು ಎಳೆದು ಹಿಡಿದುಕೊಳ್ಳಿ. ಬಿಡದೆ ಅದರ ಮೇಲೆ ಇನ್ನೊಂದು. ಸಾಧ್ಯವಾದರೆ ಮೂರನೆಯದು. ಈಗ ಕೆಮ್ಮಿ. ಅದೂ ಸಾಲದಿದ್ದರೆ ಮನೆಯವರು ಪಕ್ಕೆಲುಬಿನ ಕೆಳಗೆ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕೆಮ್ಮುವ ಗಳಿಗೆಗೆ ಸರಿಯಾಗಿ ಒಳಕ್ಕೂ ಮೇಲಕ್ಕೂ ಒತ್ತಬೇಕು. ಇದನ್ನು ಓದಿ ಕಲಿಯಬೇಡಿ, ಫಿಸಿಯೋಥೆರಪಿಸ್ಟ್ ಕೈ ಹಿಡಿದು ತೋರಿಸಲಿ. ಮೊದಲ ಸಲ ನಾನು ಒತ್ತಿದ್ದು ಅಕ್ಕ ಕೆಮ್ಮಿ ಮುಗಿಸಿದ ಮೇಲೆ. ಅವಳು ಕೆಮ್ಮುವುದು ಬಿಟ್ಟು ನಕ್ಕಳು.

ಫಲ ಎಷ್ಟು? ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಇಂಥ 6 ಪ್ರಯೋಗಗಳನ್ನು, ಒಟ್ಟು 195 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿತು. ಎಳೆಯುವ ಬಲ ಹೆಚ್ಚುತ್ತದೆ ಅಂತ ಕಂಡಿತು. ಊದುವ ಬಲದ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲು ಆಗಲಿಲ್ಲ. ಪ್ರಯೋಗಗಳು ಚಿಕ್ಕವು, ಪುರಾವೆ ಗಟ್ಟಿಯಿಲ್ಲ ಅಂತಲೂ ಬರೆದರು. ಹಾಗಾಗಿ ಇದರಿಂದ ಎಂಎಸ್ ವಾಸಿಯಾಗುತ್ತದೆ ಅಂತ ಯಾರಾದರೂ ಸಾಧನ ಮಾರಲು ಬಂದರೆ ವಾಪಸ್ ಕಳಿಸಿ.

ಅಕ್ಕನ ಕ್ಯಾಲೆಂಡರಿನಲ್ಲಿ ಒಂದೇ ಉಸಿರಿನ ಎಣಿಕೆ ಮೊದಲ ವಾರ 14 ಅಂತ ಇದೆ, ಹತ್ತನೇ ವಾರ 21. ನಡುವೆ ಜ್ವರ ಬಂದ ವಾರ 12ಕ್ಕೆ ಇಳಿದಿತ್ತು. ಇಳಿದದ್ದನ್ನೂ ಬರೆಯಿರಿ.

ಇನ್ನೊಂದು ವಿಷಯ. ಬಳಸಿದ ಮೇಲೆ ಕೊಳವೆಯನ್ನು ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಇಡಿ. ಕುದಿಸಬೇಡಿ. ಒಬ್ಬರದ್ದನ್ನು ಇನ್ನೊಬ್ಬರು ಬಳಸುವಂತಿಲ್ಲ. ಅಕ್ಕನ ಕೊಳವೆ ಮೊದಲು ಅಡುಗೆಮನೆಯ ಚಮಚದ ಸ್ಟ್ಯಾಂಡಿನಲ್ಲಿ ಒಣಗುತ್ತಿತ್ತು. ಮೊಮ್ಮಗಳು ಪೀಪಿ ಅಂದುಕೊಂಡು ಜಗುಲಿಗೆ ಒಯ್ದು ಊದಿದ ಮೇಲೆ ಮೇಲಿನ ಗೂಡಿಗೆ ಹೋಗಿದೆ.