ಅರ್ಕಾವತ್ತು ಜಾರದಂತೆ: ಹಳೆಯ ಪೇಜ್‌ಮೇಕರ್ ಕಡತದಿಂದ ಕನ್ನಡವನ್ನು ಬಿಡಿಸಿಕೊಳ್ಳುವ ಬಗೆ

ಕಳೆದ ಚಳಿಗಾಲದಲ್ಲಿ ರೋಣದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರ ಮಗಳು ಒಂದು ಸಿಡಿ ಹಿಡಿದು ನನ್ನಲ್ಲಿಗೆ ಬಂದಳು. ತಾಯಿ ಮೂವತ್ತು ವರ್ಷ ಊರೂರು ಸುತ್ತಿ ಬರೆದುಕೊಂಡ ಬೀಸುಕಲ್ಲಿನ ಪದ, ಸೋಬಾನೆ ಪದಗಳ ಪುಸ್ತಕ ಅದರಲ್ಲಿತ್ತು. 2003ರಲ್ಲಿ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶದಲ್ಲಿ ಅದಕ್ಕೆ ಪುಟ ಕಟ್ಟಿದವಳು ನಾನೇ. ಮಳೆಗೆ ಮನೆ ಸೋರಿ ಕೈಬರಹದ ನೋಟ್‌ಬುಕ್ಕುಗಳು ಮುದ್ದೆಯಾಗಿದ್ದವು. ಉಳಿದದ್ದು ಗೆದ್ದಲು ಹಿಡಿದ ಒಂದು ಅಚ್ಚಿನ ಪ್ರತಿ ಮತ್ತು ಈ ಸಿಡಿ. ಅವಳ ಕಂಪ್ಯೂಟರಿನಲ್ಲಿ ಕಡತ ತೆರೆಯುತ್ತಲೇ ಇರಲಿಲ್ಲ. ಅದರ ಜೊತೆಗಿದ್ದ ಪಠ್ಯದ ಕಡತವೇನೋ ತೆರೆದಿತ್ತು, ಆದರೆ ಕನ್ನಡದ ಜಾಗದಲ್ಲಿ ಯುರೋಪಿನ ವಿಚಿತ್ರ ಚಿಹ್ನೆಗಳು ತುಂಬಿದ್ದವು. "ಹಾಳಾಗಿದೆಯಾ?" ಎಂದು ಕೇಳಿದಳು. ಹಾಳಾಗಿರಲಿಲ್ಲ. ನಾವು ಹಾಗೆಯೇ ಬರೆದಿಟ್ಟಿದ್ದೆವು.

ರಾಜ್ಯದ ಸಾವಿರಾರು ಮುದ್ರಣಾಲಯಗಳ ಕಪಾಟಿನಲ್ಲಿ ಇಂಥ ಸಿಡಿಗಳಿವೆ. ಸಂಘದ ಸ್ಮರಣ ಸಂಚಿಕೆ, ಮಠದ ಪುರಾಣ, ಯಾರದೋ ಮೊದಲ ಕವನ ಸಂಕಲನ, ಎಲ್ಲವೂ ಅವುಗಳಲ್ಲಿವೆ. ಅವುಗಳನ್ನು ಯೂನಿಕೋಡಿಗೆ, ಅಂದರೆ ಈಗಿನ ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತಕ್ಕೆ, ತರುವ ಕೆಲಸವನ್ನು ನಾನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲು ತೊಡಕು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ತಪ್ಪು ಎಲ್ಲಿ ಅಡಗಿದೆ ಎಂದು ಹುಡುಕಲು ಆಗುವುದಿಲ್ಲ.

1989ರಲ್ಲಿ ನಾನು ಗದಗಿನ ಮುದ್ರಣಾಲಯವೊಂದರಲ್ಲಿ ಪೇಸ್ಟಿಂಗ್ ಕೆಲಸಕ್ಕೆ ಸೇರಿದೆ. ಅಕ್ಷರ ಜೋಡಿಸಿದ ಬ್ರೋಮೈಡ್ ಹಾಳೆಗಳು, ಅಂದರೆ ಫೋಟೊ ಕಾಗದದ ಮೇಲೆ ತೆಗೆದ ಪಠ್ಯ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವು. ಅವುಗಳನ್ನು ಬ್ಲೇಡಿನಿಂದ ಕತ್ತರಿಸಿ, ಹಿಂಬದಿಗೆ ರಬ್ಬರ್ ಸಲ್ಯೂಷನ್ ಸವರಿ, ತಿಳಿನೀಲಿ ಪೆನ್ಸಿಲ್ಲಿನ ಗೆರೆಗೆ ಸರಿಯಾಗಿ ಹಾಳೆಯ ಮೇಲೆ ಕೂರಿಸಬೇಕು. ಕ್ಯಾಮೆರಾಗೆ ಆ ನೀಲಿ ಕಾಣುವುದಿಲ್ಲ. ತಪ್ಪು ಸಿಕ್ಕರೆ ಇನ್ನೊಂದು ಬ್ರೋಮೈಡಿಗೆ ಎರಡು ದಿನ ಕಾಯಬೇಕು. ಅದಕ್ಕೆ ಉಳಿದ ಚೂರುಗಳನ್ನು ಬೆಂಕಿಪೆಟ್ಟಿಗೆಗಳಲ್ಲಿ ವಿಂಗಡಿಸಿ ಇಟ್ಟುಕೊಳ್ಳುತ್ತಿದ್ದೆ. ಒಂದರಲ್ಲಿ ಒತ್ತುಗಳು, ಒಂದರಲ್ಲಿ ಗುಡಿಸು ಮತ್ತು ಕೊಂಬುಗಳು, ಒಂದರಲ್ಲಿ ಬರೀ ಅರ್ಕಾವತ್ತು. ಅಕ್ಕಿಕಾಳಿಗಿಂತ ಸಣ್ಣ ಆ ಚೂರನ್ನು ಚಿಮುಟದಲ್ಲಿ ಹಿಡಿದು 'ಯ'ದ ಪಕ್ಕದಲ್ಲಿ ಇಟ್ಟರೆ 'ಸೂಯ' ಇದ್ದದ್ದು 'ಸೂರ್ಯ' ಆಗುತ್ತಿತ್ತು. ಫ್ಯಾನ್ ಹಾಕುವಂತಿರಲಿಲ್ಲ. ಬೇಸಿಗೆಯಲ್ಲೂ.

ಪೇಜ್‌ಮೇಕರ್ ಹೊರಬಂದದ್ದು 1985ರಲ್ಲಿ. ಅದು ನಮ್ಮ ಮೇಜಿಗೆ ಬಂದದ್ದು 1996ರಲ್ಲಿ. ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್ ಬಂದದ್ದೇ ತಡ, ಹುಬ್ಬಳ್ಳಿಯ ಬಸ್ಸಿಗೆ ಕಾಯುವುದು ನಿಂತಿತು. ಬೆಳಿಗ್ಗೆ ಬಂದ ಲಗ್ನಪತ್ರಿಕೆಯ ಪುಟವನ್ನು ಮಧ್ಯಾಹ್ನ ಟ್ರೇಸಿಂಗ್ ಕಾಗದದ ಮೇಲೆ ತೆಗೆದು ನೇರವಾಗಿ ಪ್ಲೇಟಿಗೆ ಕಳಿಸುತ್ತಿದ್ದೆವು. ನನ್ನ ಬೆಂಕಿಪೆಟ್ಟಿಗೆಗಳು ಕಪಾಟು ಸೇರಿದವು. ಆದರೆ ಆ ಚೂರುಗಳು ಎಲ್ಲಿಗೂ ಹೋಗಿರಲಿಲ್ಲ. ಫಾಂಟಿನ ಒಳಗೆ ಸೇರಿಕೊಂಡಿದ್ದವು.

ಇದನ್ನು ಹತ್ತಿರದಿಂದ ನೋಡೋಣ. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದಿದ್ದರೆ, ಕಡತದಲ್ಲಿ ನಿಜವಾಗಿ ಇರುವುದು ಏಳು ಚಿಹ್ನೆ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಒಡಲು. ಓರೆಗೆರೆಯ ಎ ಎಂದರೆ ತಲೆಕಟ್ಟು. ಜೋಡಿ ಎಸ್ ಎಂದರೆ ನಕಾರದ ಒತ್ತು. ಕಂಪ್ಯೂಟರಿಗೆ ಅದು ಕನ್ನಡ ಎಂದೇ ಗೊತ್ತಿರಲಿಲ್ಲ. ಇಂಗ್ಲಿಷಿಗೆಂದು ಮಾಡಿದ ಮನೆಗಳಲ್ಲಿ ನಮ್ಮ ಚೂರುಗಳನ್ನು ಇಟ್ಟು ಕೆಲಸ ಸಾಗಿಸಿದೆವು. ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ವಂತ ಮನೆಗಳಿವೆ, ಅದೇ ಪದಕ್ಕೆ ಐದೇ ಸಂಕೇತ: ಕ, ನ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ನ, ಡ. ಚೂರುಗಳನ್ನು ಮತ್ತೆ ಅಕ್ಷರಗಳನ್ನಾಗಿ ಕೂಡಿಸುವುದೇ ಈ ಪರಿವರ್ತನೆ.

ಈಗ ಕೆಲಸಕ್ಕೆ ಬರೋಣ.

ಮೂಲ ಸಿಡಿಯ ಮೇಲೆ ಏನೂ ಮಾಡಬೇಡಿ. ಇಡೀ ಸಿಡಿಯನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಎತ್ತಿಡಿ. ಫ್ಲಾಪಿ ಇದ್ದರೆ ಯುಎಸ್‌ಬಿ ಫ್ಲಾಪಿ ಡ್ರೈವ್, ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದಕ್ಕೊಂದು ಯುಎಸ್‌ಬಿ ಅಡಾಪ್ಟರ್ ಬೇಕು. ಕಡತಗಳ ಜೊತೆ ಹಳೆಯ ಯಂತ್ರದ ವಿಂಡೋಸಿನೊಳಗಿನ ಫಾಂಟ್ ಫೋಲ್ಡರನ್ನೂ ತಪ್ಪದೆ ತೆಗೆದುಕೊಳ್ಳಿ. ಬೀಗ ಸಿಕ್ಕಿ ಕೀಲಿ ಸಿಗದಂತೆ ಆಗಬಾರದು. ನುಡಿ ಮತ್ತು ಬರಹದ ಫಾಂಟುಗಳು ಸಾಮಾನ್ಯವಾಗಿ ಒಂದೇ ಬಗೆಯ ಸಂಕೇತವನ್ನು ಬಳಸುತ್ತವೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಇವುಗಳದ್ದು ಅವರವರದೇ ಜೋಡಣೆ. ಯಾವ ಫಾಂಟ್ ಎಂದು ಗೊತ್ತಾಗದೆ ಪರಿವರ್ತಕದ ಬಾಗಿಲು ತಟ್ಟಬೇಡಿ.

ಎರಡನೆಯದು, ಪುಟ ಹೇಗೆ ಕಾಣುತ್ತಿತ್ತು ಎಂಬ ಸಾಕ್ಷಿ. ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿದ್ದರೆ ಅದರಲ್ಲೇ ಕಡತ ತೆರೆದು ಪಿಡಿಎಫ್ ಮಾಡಿ ಅಥವಾ ಕಾಗದದ ಮೇಲೆ ಮುದ್ರಿಸಿ. ಕೊನೆಯಲ್ಲಿ ಕರಡು ತಿದ್ದುವಾಗ ಹೋಲಿಸಲು ಬೇರೆ ಏನೂ ಇರುವುದಿಲ್ಲ. ನನಗೆ ಆ ಗೆದ್ದಲು ತಿಂದ ಪ್ರತಿ ಇತ್ತು, ಅದನ್ನೇ ಒಂದೊಂದು ಪುಟವಾಗಿ ಸ್ಕ್ಯಾನ್ ಮಾಡಿಕೊಂಡೆ.

ಕಡತ ತೆರೆಯಲು ಮೂರು ದಾರಿ. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರದಲ್ಲಿ ಪೇಜ್‌ಮೇಕರ್ ಇದ್ದರೆ ಅದೇ ಉತ್ತಮ. ಪಠ್ಯದೊಳಗೆ ಕರ್ಸರ್ ಇಟ್ಟು ಎಲ್ಲವನ್ನೂ ಆರಿಸಿ, ಎಕ್ಸ್‌ಪೋರ್ಟ್ ಮೂಲಕ ಆರ್‌ಟಿಎಫ್ ಆಗಿ ಹೊರತೆಗೆಯಿರಿ. ಆರ್‌ಟಿಎಫ್ ಆದರೆ ಯಾವ ಪದ ಯಾವ ಫಾಂಟಿನಲ್ಲಿದೆ ಎಂಬ ಮಾಹಿತಿ ಉಳಿಯುತ್ತದೆ, ಬರಿಯ ಪಠ್ಯದಲ್ಲಿ ಅಳಿಸಿಹೋಗುತ್ತದೆ. ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್, ಅದರ ಸಿಎಸ್6 ಅಥವಾ ಅದಕ್ಕಿಂತ ಹಳೆಯ ಆವೃತ್ತಿ ಇದ್ದರೆ ಪೇಜ್‌ಮೇಕರ್ 6ರಿಂದ 7ರವರೆಗಿನ ಕಡತಗಳು ಅದರಲ್ಲಿ ತೆರೆಯುತ್ತವೆ. ಹೊಸ ಇನ್‌ಡಿಸೈನಿನಲ್ಲಿ ಆ ಸೌಲಭ್ಯವನ್ನು ಕಿತ್ತುಹಾಕಿದ್ದಾರೆ. ಎರಡೂ ಇಲ್ಲದವರು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಡ್ರಾದಲ್ಲಿ ಪ್ರಯತ್ನಿಸಿ. ಪುಟದ ಅಂದ ಕೆಟ್ಟರೂ ಪಠ್ಯ ಸಿಗಬಹುದು, ನಮಗೆ ಬೇಕಾದದ್ದು ಅದೇ.

ಚಿತ್ರ ಬಿಡಿಸುವ ಕೋರೆಲ್‌ಡ್ರಾ ತಂತ್ರಾಂಶದ ಕಡತದಲ್ಲಿ ಅಕ್ಷರಗಳನ್ನು ಕರ್ವ್ ಮಾಡಿಟ್ಟಿದ್ದರೆ, ಅಂದರೆ ಗೆರೆಗಳಾಗಿ ಬದಲಿಸಿಟ್ಟಿದ್ದರೆ, ಅಲ್ಲಿ ಪಠ್ಯವಿಲ್ಲ, ಚಿತ್ರ ಮಾತ್ರ ಇದೆ. ಆಗ ದೊಡ್ಡದಾಗಿ ಚಿತ್ರ ತೆಗೆದು, ಚಿತ್ರದಲ್ಲಿನ ಕನ್ನಡವನ್ನು ಓದಿ ಪಠ್ಯ ಮಾಡಬಲ್ಲ ಟೆಸೆರಾಕ್ಟ್ ಒಸಿಆರ್ ತಂತ್ರಾಂಶಕ್ಕೆ ಕೊಡಬೇಕು. ಎರಡು ಪುಟವಾದರೆ ಕೈಯಲ್ಲೇ ಟೈಪ್ ಮಾಡುವುದು ಬೇಗ.

ಪರಿವರ್ತನೆಗೆ ಮುಂಚೆ ಇಂಗ್ಲಿಷನ್ನು ಬೇರೆ ಮಾಡಿ. ಪರಿವರ್ತಕಕ್ಕೆ ಪಿ ಎಂದರೆ ಕಕಾರ. ಆದ್ದರಿಂದ ಪಠ್ಯದ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ವರ್ಡ್ ಅಥವಾ ಲಿಬ್ರೆಆಫೀಸಿನ ಹುಡುಕು ಸೌಲಭ್ಯದಲ್ಲಿ ಪದದ ಬದಲು ಫಾಂಟಿನ ಹೆಸರು ಕೊಟ್ಟು ಇಂಗ್ಲಿಷ್ ತುಣುಕುಗಳನ್ನು ಹುಡುಕುತ್ತೇನೆ. ಒಂದೊಂದನ್ನೂ ತೆಗೆದು ಬೇರೆ ಕಡತದಲ್ಲಿ ಬರೆದುಕೊಂಡು, ಅದರ ಜಾಗದಲ್ಲಿ 777-1, 777-2 ಎಂದು ಗುರುತು ಬಿಡುತ್ತೇನೆ. ಅಂಕಿಗಳು ಪರಿವರ್ತನೆಯಲ್ಲಿ ಕೆಡುವುದಿಲ್ಲ, ಹೆಚ್ಚೆಂದರೆ ಕನ್ನಡ ಅಂಕಿಗಳಾಗುತ್ತವೆ. ಕೊನೆಗೆ ಗುರುತು ನೋಡಿ ಮರಳಿ ಕೂರಿಸಿದರಾಯಿತು.

ಪರಿವರ್ತನೆ ಮಾತ್ರ ಒಂದು ನಿಮಿಷದ ಕೆಲಸ. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಪರಿವರ್ತಕ ಇದೆ. ಅಂತರಜಾಲದಲ್ಲಿ ಮುಕ್ತ ತಂತ್ರಾಂಶದ ಪರಿವರ್ತಕಗಳೂ ಇವೆ. ಇಡೀ ಪುಸ್ತಕವನ್ನು ಸುರಿಯುವ ಮೊದಲು ಪರೀಕ್ಷೆಗೆ ಒಂದು ಪ್ಯಾರಾ ಕೊಡಿ. ಅದರಲ್ಲಿ ಕಾರ್ಯಕ್ರಮ, ಕರ್ನಾಟಕ, ಕ್ಷೇತ್ರ, ಜ್ಞಾನ, ಕೃಷ್ಣ, ಮೊಮ್ಮಗ, ಯೋಗ ಈ ಪದಗಳು ಇರಲಿ. ಇವು ದಾಟಿದರೆ ಹೆಚ್ಚಿನವು ದಾಟುತ್ತವೆ.

ನಿಜವಾದ ಕೆಲಸ ಇಲ್ಲಿಂದ ಮುಂದೆ. ಇದಕ್ಕೆ ಕಣ್ಣು ಬೇಕು.

ಮೊದಲನೆಯದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ, ನಾನು ಚಿಮುಟದಲ್ಲಿ ಇಡುತ್ತಿದ್ದ ಹಾಗೆಯೇ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ: ಮೊದಲು ರ್, ಆಮೇಲೆ ಯ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಇಡದಿದ್ದರೆ ಕಾರ್ಯಕ್ರಮ 'ಕಾಯರ್ಕ್ರಮ' ಆಗುತ್ತದೆ, ಕರ್ನಾಟಕ 'ಕನಾರ್ಟಕ', ವರ್ಷ 'ವಷರ್', ಧರ್ಮ 'ಧಮರ್'. ಈ ರೂಪಗಳನ್ನು ಆಮಂತ್ರಣಗಳಲ್ಲಿ, ಫಲಕಗಳಲ್ಲಿ ನೀವು ನೋಡಿರುತ್ತೀರಿ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಎರಡು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತು. 'ಯರ್', 'ಷರ್', 'ಮರ್', 'ನಾರ್', 'ವರ್' ಎಂದು ಒಂದೊಂದಾಗಿ ಹುಡುಕಿ. ಎಲ್ಲವನ್ನೂ ಒಮ್ಮೆಗೇ ಬದಲಿಸುವ ಗುಂಡಿ ಒತ್ತಬೇಡಿ. 'ಇಂಜಿನಿಯರ್', 'ಡ್ರೈವರ್' ಎಂಬಲ್ಲಿ ಕೊನೆಯ ರ್ ಸರಿಯಾಗಿಯೇ ಇರುತ್ತದೆ.

ಎರಡನೆಯದು ಒತ್ತು ಮತ್ತು ಸ್ವರದ ಕ್ರಮ. 'ಕ್ಷೇ' ಬರೆಯುವಾಗ ಹಳೆಯ ಫಾಂಟಿನಲ್ಲಿ ಮೊದಲು ಕೆ, ಆಮೇಲೆ ಷಕಾರದ ಒತ್ತು, ಆಮೇಲೆ ದೀರ್ಘ. ಯೂನಿಕೋಡಿನಲ್ಲಿ ಒತ್ತು ಮೊದಲು, ಸ್ವರ ಕೊನೆಗೆ. ಕ್ರಮ ತಪ್ಪಿದಲ್ಲಿ ಚುಕ್ಕಿಗಳಿಂದ ಮಾಡಿದ ಸಣ್ಣ ವೃತ್ತವೊಂದು ತೆರೆಯ ಮೇಲೆ ಕಾಣುತ್ತದೆ. ಆ ವೃತ್ತ ಕಂಡಲ್ಲೆಲ್ಲ ನಿಂತು ತಿದ್ದಿ.

ಮೂರನೆಯದು 'ಮ'. ಹಳೆಯ ಫಾಂಟುಗಳು ಮಕಾರವನ್ನು ವಕಾರಕ್ಕೆ ಕೊಂಬು ಹಚ್ಚಿ ಮಾಡುತ್ತಿದ್ದವು. ನಿಜವಾದ 'ವು'ಗೆ ಬೇರೆ ಕೊಂಬು ಇತ್ತು. ಆದರೆ ಟೈಪ್ ಮಾಡಿದವರ ಅವಸರದಲ್ಲಿ ಎರಡೂ ಅದಲುಬದಲಾಗಿರಬಹುದು, ತೆರೆಯ ಮೇಲೆ ವ್ಯತ್ಯಾಸ ಅಷ್ಟಾಗಿ ಕಾಣುತ್ತಿರಲಿಲ್ಲ. ಅದೇ ರೀತಿ ಅನುಸ್ವಾರದ ಸೊನ್ನೆಯ ಬದಲು ಅಂಕಿಯ ಸೊನ್ನೆ ನುಸುಳಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಪದ ಸಿಗುವುದಿಲ್ಲ. ಕನ್ನಡ ಅಂಕಿಯ ಸೊನ್ನೆಯನ್ನು ಹುಡುಕು ಪೆಟ್ಟಿಗೆಯಲ್ಲಿ ಹಾಕಿ ಒಂದು ಸುತ್ತು ಹೋಗಿ.

ನಾಲ್ಕನೆಯದು ಬಿಡಿಸಿ ನಿಲ್ಲಬೇಕಾದ ಅರ್ಧಾಕ್ಷರಗಳು. ಹಳೆಯದರಲ್ಲಿ 'ಸಾಫ್ಟ್‌ವೇರ್' ಎಂದು ಬರೆದರೆ ಟ್ ಬೇರೆಯಾಗಿಯೇ ನಿಲ್ಲುತ್ತಿತ್ತು. ಯೂನಿಕೋಡಿನಲ್ಲಿ ನಡುವೆ ಕಣ್ಣಿಗೆ ಕಾಣದ ವಿಭಜಕವೊಂದನ್ನು ಇಡದಿದ್ದರೆ ವಕಾರ ಕೆಳಗಿಳಿದು ಒತ್ತಾಗಿ 'ಸಾಫ್ಟ್ವೇರ್' ಆಗುತ್ತದೆ. 'ರ್‍ಯಾಂಕ್' ಥರದ ಪದಗಳಲ್ಲಿ ತಿರುಗಾ ಬೇರೆ ತೊಂದರೆ, ಅಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆ, ಜೋಡಕ, ಇಡದಿದ್ದರೆ ರ್ ಹೋಗಿ ಅರ್ಕಾವತ್ತಾಗಿ ಕೂರುತ್ತದೆ. ಜನಪದ ಹಾಡುಗಳಲ್ಲಿ ಇವು ಇರಲಿಲ್ಲ. ಸಂಘ ಸಂಸ್ಥೆಗಳ ವರದಿಗಳಲ್ಲಿ ಪುಟಕ್ಕೆ ಹತ್ತು ಸಿಗುತ್ತವೆ.

ಕೊನೆಯದು ನಮ್ಮದೇ ಕೈಕೆಲಸ. ಪೇಜ್‌ಮೇಕರಿಗೆ ಕನ್ನಡ ಪದವನ್ನು ಎಲ್ಲಿ ಮುರಿಯಬೇಕೆಂದು ತಿಳಿಯುತ್ತಿರಲಿಲ್ಲ. ಸಾಲಿನ ಕೊನೆಗೆ ನಾವೇ ಅಡ್ಡಗೆರೆ ಹಾಕಿ ಮುರಿಯುತ್ತಿದ್ದೆವು. ಪಠ್ಯ ಹೊಸ ಅಳತೆಗೆ ಹರಿದಾಗ ಆ ಗೆರೆಗಳು ಸಾಲಿನ ನಡುವೆ 'ಬೀಸು-ಕಲ್ಲು' ಎಂದು ಉಳಿದುಬಿಡುತ್ತವೆ. ಅಡ್ಡಗೆರೆ ಹುಡುಕಿ ಒಂದೊಂದನ್ನೂ ನೋಡಿ ತೆಗೆಯಿರಿ. ಎರಡೆರಡು ಖಾಲಿ ಜಾಗಗಳನ್ನು ಒಂದು ಮಾಡಿ.

ಪಠ್ಯ ಶುದ್ಧವಾದ ಮೇಲೆ ಪುಟ ಕಟ್ಟುವುದು ಸುಖದ ಕೆಲಸ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ಅಡೋಬಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಲೇಬೇಕು. ಇಲ್ಲದಿದ್ದರೆ ಒತ್ತುಗಳೆಲ್ಲ ಕಳಚಿ ಸಾಲಾಗಿ ನಿಲ್ಲುತ್ತವೆ. ಫಾಂಟ್ ಕೆಟ್ಟಿದೆ ಎಂದುಕೊಂಡು ಎಷ್ಟೋ ಮಂದಿ ಇಲ್ಲೇ ಕೈಚೆಲ್ಲುತ್ತಾರೆ. ಉಚಿತವಾಗಿ ಸಿಗುವ ಪುಟ ಕಟ್ಟುವ ತಂತ್ರಾಂಶ ಸ್ಕ್ರೈಬಸ್ ಬಳಸುವುದಾದರೆ 1.5 ಸರಣಿಯ ಇತ್ತೀಚಿನ ಆವೃತ್ತಿ ಅಥವಾ ಅದರ ನಂತರದ್ದು ಇರಲಿ. ಫಾಂಟಿಗೆ ಈಗ ಬಡತನವಿಲ್ಲ. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಎಲ್ಲವೂ ಉಚಿತ. ಹಾಡಿನ ಪುಸ್ತಕಕ್ಕೆ ನಾನು ತಿರೊ ಆರಿಸಿದೆ. ಹಳೆಯ ಪುಸ್ತಕದ ಅಕ್ಷರದ ಅಳತೆಯನ್ನು ಕಣ್ಣುಮುಚ್ಚಿ ಹೊಸದಕ್ಕೆ ಕೊಡಬೇಡಿ. ಒಂದು ಪುಟವನ್ನು ಮೂರು ಅಳತೆಗಳಲ್ಲಿ ಮುದ್ರಿಸಿ ಹಳೆಯ ಪುಟದ ಪಕ್ಕ ಇಟ್ಟು ನೋಡಿ. ಸಾಲುಗಳ ನಡುವೆ ಜಾಗ ಧಾರಾಳವಾಗಿರಲಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಯೂನಿಕೋಡಿನಿಂದ ನನಗೆ ಸಿಕ್ಕ ದೊಡ್ಡ ಲಾಭ ಪುಸ್ತಕದ ಕೊನೆಯಲ್ಲಿತ್ತು. ಹಾಡುಗಳ ಮೊದಲ ಸಾಲಿನ ಅಕಾರಾದಿ ಸೂಚಿಯನ್ನು 2003ರಲ್ಲಿ ಚೀಟಿ ಬರೆದು ನೆಲದ ಮೇಲೆ ಹರಡಿ ಮಾಡಿದ್ದೆ, ಮೂರು ದಿನ ಹಿಡಿದಿತ್ತು. ಈ ಸಲ ಲಿಬ್ರೆಆಫೀಸಿನಲ್ಲಿ ವಿಂಗಡಿಸು ಎಂದೆ, ಅ ಇಂದ ಹ ವರೆಗೆ ತಾನೇ ಸಾಲಾಗಿ ನಿಂತಿತು. ಹಳೆಯ ಸೂಚಿಯಲ್ಲಿ ನಾನು ಬಿಟ್ಟಿದ್ದ ಎರಡು ಹಾಡುಗಳೂ ಸಿಕ್ಕವು.

ಕರಡನ್ನು ಒಬ್ಬರೇ ತಿದ್ದಬೇಡಿ. ಒಬ್ಬರು ಹಳೆಯ ಪುಟವನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಹೊಸದನ್ನು ನೋಡುತ್ತಾ ಹೋಗಬೇಕು. ನಮ್ಮಲ್ಲಿ ಮಗಳು ಓದಿದಳು, ನಾನು ನೋಡಿದೆ. ತಾಯಿ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. 61ನೆಯ ಪುಟದಲ್ಲಿ ಗೆದ್ದಲು ಮೂರು ಸಾಲು ತಿಂದಿತ್ತು, ಹೊಸ ಪುಟದಲ್ಲಿ ಅದೇ ಜಾಗದಲ್ಲಿ ಚುಕ್ಕಿಯ ವೃತ್ತಗಳು. ಮಗಳು ನಿಲ್ಲಿಸಿದಳು. ತಾಯಿ ಕಣ್ಣು ತೆರೆಯದೆಯೇ ಆ ಮೂರು ಸಾಲನ್ನು ಹಾಡಿದರು, ನಾನು ಟೈಪ್ ಮಾಡಿಕೊಂಡೆ.

ಕೆಲಸ ಮುಗಿದ ಮೇಲೆ ಮೂರು ರೂಪಗಳಲ್ಲಿ ಉಳಿಸಿ: ಪುಟ ಕಟ್ಟಿದ ತಂತ್ರಾಂಶದ ಕಡತ, ಫಾಂಟುಗಳನ್ನು ಒಳಗೊಂಡ ಪಿಡಿಎಫ್, ಮತ್ತು ಯಾವ ಅಲಂಕಾರವೂ ಇಲ್ಲದ ಯುಟಿಎಫ್-8 (ಯೂನಿಕೋಡನ್ನು ಕಡತದಲ್ಲಿ ಉಳಿಸುವ ಬಗೆ) ಪಠ್ಯ. ಮೂರನೆಯದನ್ನು ಮರೆಯಬೇಡಿ, ತಂತ್ರಾಂಶ ಯಾವುದು ಬಂದರೂ ಹೋದರೂ ತೆರೆಯುವುದು ಅದೇ. ಕಡತದ ಹೆಸರಿನಲ್ಲಿ ಪುಸ್ತಕದ ಹೆಸರು ಮತ್ತು ವರ್ಷ ಇರಲಿ. ಒಂದು ಪ್ರತಿಯನ್ನು ಬರೆದವರ ಮನೆಗೆ ಕೊಟ್ಟುಬಿಡಿ.