ಬಿಯರಿನ ಕಹಿ ಹದಕ್ಕೆ ಬರಬೇಕಾದರೆ: ಮನೆಯ ಪೇಲ್ ಏಲ್, ನನ್ನ ಅನುಭವ

ಇಲ್ಲಿ ಆರಿಗನ್ನಿನ ಪೋರ್ಟ್‌ಲ್ಯಾಂಡಿನಲ್ಲಿ ನಾನು ಹೆಚ್ಚಾಗಿ ಕುದಿಸುವುದು ಅಮೆರಿಕನ್ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರ್, ಒಂದು ಸಲಕ್ಕೆ 19 ಲೀಟರ್. ಕಹಿ ಮುಂದಿರಬೇಕು, ಆದರೆ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿ ಅದರ ಕೆಳಗೆ ಹೂತುಹೋಗಬಾರದು. ಕಹಿ, ಪರಿಮಳ ಕೊಡುವ ಹಾಪ್ಸ್ ಹೂವನ್ನು ಕಡಿಮೆ ಮಾಡಿದರೆ ಸಾಕು ಎಂದುಕೊಂಡರೆ ಈ ಹದ ಸಿಗುವುದಿಲ್ಲ. ಕಹಿಯನ್ನು ಅಳೆಯುವ ಐಬಿಯು ಎಂಬ ಲೆಕ್ಕ ಬೇಕೇ ಬೇಕು, ಆದರೆ ನಾಲಿಗೆಗೆ ತಾಗುವ ಕಹಿಯನ್ನು ಉಳಿದ ಸಿಹಿ, ನೀರಿನ ಲವಣ, ಹಾಪ್ಸ್ ಹಾಕಿದ ಹೊತ್ತು ಎಲ್ಲವೂ ಸೇರಿ ತೀರ್ಮಾನಿಸುತ್ತವೆ.

ನನ್ನ ಪ್ರಮಾಣ ಹೀಗಿದೆ: ಟೂ-ರೋ ಪೇಲ್ ಮಾಲ್ಟ್ 4.2 ಕಿಲೋ, ಕ್ಯಾರಮೆಲ್ ರುಚಿಯ ಕ್ರಿಸ್ಟಲ್ 40 ಮಾಲ್ಟ್ 250 ಗ್ರಾಂ. 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮ್ಯಾಶ್, ಅಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಿಡಿಸುವುದು. ಒಜಿ (ಹುದುಗುವ ಮುನ್ನಿನ ಸಾಂದ್ರತೆ) 1.050. ಕಹಿಗೆ ಮ್ಯಾಗ್ನಮ್ ಎಂಬ ಹಾಪ್ಸ್ ತಳಿಯ ಪೆಲೆಟ್ (ಒತ್ತಿದ ಗುಳಿಗೆ) 20 ಗ್ರಾಂ, 60 ನಿಮಿಷ ಕುದಿ. ಕೊನೆಯ 10 ನಿಮಿಷಕ್ಕೆ ಕ್ಯಾಸ್ಕೇಡ್ ತಳಿ 28 ಗ್ರಾಂ. ಮ್ಯಾಗ್ನಮ್‌ನಲ್ಲಿ ಕಹಿಯ ಮೂಲವಾದ ಆಲ್ಫಾ ಆಸಿಡ್ 12%, ಕ್ಯಾಸ್ಕೇಡ್‌ನಲ್ಲಿ 6% ಇದ್ದರೆ, ಕಹಿ ಲೆಕ್ಕ ಹಾಕುವ ಟಿನ್‌ಸೆತ್ ಸೂತ್ರದ ಪ್ರಕಾರ ಮೊದಲನೆಯದರಿಂದ 29, ಎರಡನೆಯದರಿಂದ 7, ಒಟ್ಟು ಸುಮಾರು 36 ಐಬಿಯು. ಅದನ್ನು ಒಜಿಯ ಕೊನೆಯ ಎರಡಂಕಿ 50ರಿಂದ ಭಾಗಿಸಿದರೆ ಸುಮಾರು 0.73 ಬರುತ್ತದೆ. ನನಗೆ ಪೇಲ್ ಏಲ್ ಸರಿಯಾಗಿ ಕೂರುವುದು ಈ ಅನುಪಾತದ ಆಸುಪಾಸಿನಲ್ಲೇ. 0.9 ದಾಟಿದರೆ ಅದು ಇನ್ನೂ ಕಹಿಯಾದ ಐಪಿಎ ಕಡೆ ವಾಲುತ್ತದೆ.

ಪಾಕವಿಧಾನದಲ್ಲಿ ಬರೆದ ಗ್ರಾಂ ನೋಡಿ ಹಾಪ್ಸ್ ತೂಗಬೇಡಿ, ಪ್ಯಾಕೆಟ್ ಮೇಲಿನ ಆಲ್ಫಾ ನೋಡಿ ತೂಗಿ. ಅದೇ 20 ಗ್ರಾಂ ಮ್ಯಾಗ್ನಮ್ 10% ಇದ್ದರೆ 24 ಐಬಿಯು, 14% ಇದ್ದರೆ 34. ಬೆಳೆಯಿಂದ ಬೆಳೆಗೆ ಇಷ್ಟು ಏರುಪೇರು ಮಾಮೂಲು. ಪ್ಯಾಕೆಟ್ ಹಳೆಯದಾದರೆ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಹೊರಗೆ ಇಟ್ಟ ಕ್ಯಾಸ್ಕೇಡ್ ಆರು ತಿಂಗಳಲ್ಲಿ ಆಲ್ಫಾದ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. ಮ್ಯಾಗ್ನಮ್ ಅಷ್ಟು ಬೇಗ ಸೋರುವುದಿಲ್ಲ, ಕಹಿಗೆ ನಾನು ಅದನ್ನು ನೆಚ್ಚಿಕೊಳ್ಳಲು ಇದೂ ಒಂದು ಕಾರಣ. ಒಡೆದ ಪ್ಯಾಕೆಟ್ಟನ್ನು ಗಾಳಿ ತೆಗೆದು ಮುಚ್ಚಿ ಫ್ರೀಜರಿನಲ್ಲಿ ಇಡುತ್ತೇನೆ.

ಕುದಿಯುವ ಮುನ್ನ ವರ್ಟ್‌ನ (ಮ್ಯಾಶ್‌ನಿಂದ ಇಳಿದ ಸಿಹಿ ದ್ರವ) ಸಾಂದ್ರತೆ ಅಳೆಯದೆ ಮ್ಯಾಗ್ನಮ್ ಹಾಕುವುದೇ ಇಲ್ಲ. ಮ್ಯಾಶ್‌ನಲ್ಲಿ ಸಕ್ಕರೆ ಕಡಿಮೆ ಬಿಟ್ಟುಕೊಂಡು ಒಜಿ 1.044ಕ್ಕೇ ನಿಲ್ಲುವ ಲಕ್ಷಣ ಕಂಡರೆ ಎರಡು ಕಡೆಯಿಂದ ಪೆಟ್ಟು: ತೆಳು ವರ್ಟ್‌ನಲ್ಲಿ ಆಲ್ಫಾ ಆಸಿಡ್ ಹೆಚ್ಚು ಕರಗುತ್ತದೆ, ಎದುರು ನಿಲ್ಲಬೇಕಾದ ಮಾಲ್ಟ್ ಕಡಿಮೆ ಇರುತ್ತದೆ. ಅದೇ 20 ಗ್ರಾಂ ಹಾಕಿದರೆ ಅನುಪಾತ 0.88ರ ಸುಮಾರಿಗೆ ಏರುತ್ತದೆ. 16 ಗ್ರಾಂಗೆ ಇಳಿಸಿದರೆ ಮತ್ತೆ 0.73ರ ಆಸುಪಾಸಿಗೆ ಬರುತ್ತದೆ. ನಾಲ್ಕು ಗ್ರಾಂ ಅಷ್ಟೇ, ಆದರೆ ಒಮ್ಮೆ ಕುದಿಯಲ್ಲಿ ಬಿದ್ದ ಹಾಪ್ಸನ್ನು ವಾಪಸು ತೆಗೆಯಲಾಗದು.

ಒಲೆ ಆರಿಸಿದ ಮೇಲೂ ಕಹಿ ಏರುತ್ತಿರುತ್ತದೆ ಎಂಬುದನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. 100 ಡಿಗ್ರಿಯಿಂದ 90ಕ್ಕೆ ಇಳಿದಾಗ ಆಲ್ಫಾ ಆಸಿಡ್ ಮಾರ್ಪಡುವ ವೇಗ ಅರ್ಧಕ್ಕಿಂತ ಕೆಳಗೆ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಹಾಗಾಗಿ ಪರಿಮಳದ ಹಾಪ್ಸನ್ನು ಒಲೆ ಆರಿಸಿದ ಕೂಡಲೇ ಸುರಿದು ಬಿಸಿಯಲ್ಲೇ ಅರ್ಧ ಗಂಟೆ ಬಿಟ್ಟರೆ ಲೆಕ್ಕಕ್ಕಿಲ್ಲದ ಕಹಿ ಸೇರುತ್ತದೆ. ನಾನು ಮೊದಲು ತಣಿಸುವ ಚಿಲ್ಲರ್ ಓಡಿಸಿ 78 ಡಿಗ್ರಿಗೆ ಇಳಿಸಿ, ಆಮೇಲೆ 30 ಗ್ರಾಂ ಕ್ಯಾಸ್ಕೇಡ್ ಹಾಕಿ, 20 ನಿಮಿಷ ನಿಧಾನವಾಗಿ ತಿರುವಿ, ನಂತರ ಪೂರ್ತಿ ತಣಿಸುತ್ತೇನೆ.

ಈ ಊರಿನ ಬುಲ್ ರನ್ ಜಲಾನಯನದಿಂದ ಬರುವ ನಲ್ಲಿ ನೀರು ತುಂಬಾ ಮೃದು, ಲವಣ ಇಲ್ಲವೆಂದೇ ಹೇಳಬಹುದು. ಒಟ್ಟು 28 ಲೀಟರ್ ನೀರಿಗೆ ಜಿಪ್ಸಮ್ 5 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 2 ಗ್ರಾಂ ಸೇರಿಸಿದರೆ ಲೀಟರಿಗೆ ಸಲ್ಫೇಟ್ ಸುಮಾರು 100 ಮಿಲಿಗ್ರಾಂ, ಕ್ಲೋರೈಡ್ 35ರಷ್ಟು ಆಗುತ್ತದೆ. ಸಲ್ಫೇಟ್ ಹೆಚ್ಚಾದಷ್ಟೂ ಕಹಿ ಮೊನಚಾಗಿ, ಕೊನೆಗೆ ಒಣಗಿದಂತೆ ತಾಗುತ್ತದೆ. ಕ್ಲೋರೈಡ್ ಹೆಚ್ಚಾದರೆ ಮಾಲ್ಟ್ ದುಂಡಗಾಗಿ ಮುಂದೆ ಬರುತ್ತದೆ. ನಿಮ್ಮ ನೀರು ಗಡುಸಾಗಿದ್ದರೆ ಈ ಪ್ರಮಾಣ ನೇರವಾಗಿ ಹಾಕಬೇಡಿ, ಮೊದಲು ನೀರಿನ ವರದಿ ತರಿಸಿಕೊಳ್ಳಿ.

"ಕಹಿ ಜಾಸ್ತಿಯಾಯಿತು" ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ಹಾಪ್ಸಿನದಲ್ಲ. ಕಹಿ ನಾಲಿಗೆಯ ಮೇಲೆ ಕೂತು ಮೆಲ್ಲಗೆ ಇಳಿಯುತ್ತದೆ. ಬಲಿಯದ ನೇರಳೆ ಕಚ್ಚಿದಂತೆ ಒಸಡು, ಕೆನ್ನೆಯ ಒಳಭಾಗ ಹಿಡಿದುಕೊಂಡರೆ ಅದು ಒಗರು, ಕಾಳಿನ ಹೊಟ್ಟಿನಿಂದ ಇಳಿದ ಟ್ಯಾನಿನ್. ಮ್ಯಾಶ್ ತೊಳೆಯುವ ನೀರು 77 ಡಿಗ್ರಿ ಮೀರಿದಾಗ ಅಥವಾ ಕೊನೆಯಲ್ಲಿ ಇಳಿಯುವ ವರ್ಟ್‌ನ ಪಿಎಚ್ 6 ಸಮೀಪಿಸಿದಾಗ ಅದು ಬರುತ್ತದೆ. ಮ್ಯಾಶ್ ಪಿಎಚ್ 5.2ರಿಂದ 5.4ರೊಳಗೆ ಇಟ್ಟು, ಕೊನೆಯ ತೆಳು ವರ್ಟ್ ಬಿಟ್ಟುಬಿಟ್ಟರೆ ಸರಿಹೋಗುತ್ತದೆ. ಹಾಪ್ಸ್ ಎಷ್ಟೇ ಕಡಿತ ಮಾಡಿದರೂ ಈ ಒಗರು ಹೋಗದು.

ಹುದುಗಿಸಲು ಯೀಸ್ಟ್ ಯುಎಸ್-05 (ಒಣ ಏಲ್ ಯೀಸ್ಟ್), 18 ಡಿಗ್ರಿ. ಎಫ್‌ಜಿ (ಹುದುಗಿದ ನಂತರದ ಸಾಂದ್ರತೆ) 1.010ಕ್ಕೆ ಇಳಿಯಬೇಕು. 1.016ಕ್ಕೆ ನಿಂತರೆ ಅದೇ 36 ಐಬಿಯು ಮಂಕಾಗಿ, ಬಿಯರ್ ಸಿಹಿಯಾಗಿ ಕಾಣುತ್ತದೆ. ಡ್ರೈ ಹಾಪ್ (ಕುದಿಸದೆ, ಹುದುಗಿದ ಬಿಯರಿಗೇ ಹಾಕುವ ಹಾಪ್ಸ್) 40 ಗ್ರಾಂ, ಮೂರು ದಿನ, ಅದಕ್ಕಿಂತ ಹೆಚ್ಚು ಬೇಡ. ಹಾಪ್ಸಿನಲ್ಲಿರುವ ಕಿಣ್ವಗಳು ಉಳಿದ ಡೆಕ್ಸ್‌ಟ್ರಿನ್ (ಯೀಸ್ಟ್ ತಿನ್ನಲಾಗದ ಪಿಷ್ಟದ ತುಣುಕು) ಒಡೆದು ಮತ್ತೆ ಹುದುಗು ಎಬ್ಬಿಸಬಹುದು. ಆದ್ದರಿಂದ ಡ್ರೈ ಹಾಪ್ ಆದ ಮೇಲೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವವರೆಗೆ ಬಾಟಲಿಗೆ ತುಂಬಬೇಡಿ. ಅವಸರ ಮಾಡಿದರೆ ಬಾಟಲಿ ಸಿಡಿಯುವ ಅಪಾಯವಿದೆ.

ಎಳೆಯ ಬಿಯರಿನ ಕಹಿಯನ್ನು ಅಳೆಯಬೇಡಿ. ತೇಲುವ ಯೀಸ್ಟ್, ಹಾಪ್ಸ್ ಪುಡಿ ಗಂಟಲು ಗೀರುತ್ತವೆ. ಎರಡು ವಾರ ತಣ್ಣಗೆ ಇಟ್ಟು, ಸಿಯೆರಾ ನೆವಾಡಾ ಕಂಪನಿಯ ಪೇಲ್ ಏಲ್ ಪಕ್ಕದಲ್ಲಿಟ್ಟು, ಎರಡೂ 8 ಡಿಗ್ರಿಯಲ್ಲಿರುವಾಗ ರುಚಿ ನೋಡುತ್ತೇನೆ. ಅದರ ಘೋಷಿತ ಕಹಿ 38 ಐಬಿಯು, ಹಾಗಾಗಿ ಅಳತೆಗೋಲಾಗಿ ಒದಗುತ್ತದೆ. ಆಗಲೂ ಕಹಿ ಮಿಕ್ಕಿದ್ದರೆ ಉಳಿದ ದಾರಿ ಬೆರಕೆ: 45 ಐಬಿಯು ಬಿಯರ್ 70 ಮಿಲಿ, 18 ಐಬಿಯು ಬ್ಲಾಂಡ್ ಏಲ್ 30 ಮಿಲಿ ಸೇರಿಸಿದರೆ 37ರಷ್ಟಾಗುತ್ತದೆ. ಮೊದಲು ಲೋಟದಲ್ಲಿ 10 ಮಿಲಿ, 20 ಮಿಲಿ, 30 ಮಿಲಿ ಹೀಗೆ ಬೆರೆಸಿ ನೋಡಿ, ಒಪ್ಪಿದ ಪ್ರಮಾಣದಲ್ಲೇ ಒಂದು ಕೆಗ್‌ನಿಂದ (ಬಿಯರ್ ಪೀಪಾಯಿ) ಇನ್ನೊಂದು ಕೆಗ್‌ಗೆ ಗಾಳಿ ತಾಗದಂತೆ ಕೊಳವೆಯಲ್ಲಿ ದಾಟಿಸಿ.